ಫರಸಿ ಕಲ್ಲಿನ ನಾಡಿಗೆ ಸೈಕಲ್ ದಾರಿ: ಹರಕತ್ತಿದ್ದರೆ ತಿಳಿಸಿ

ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ಡೊಂಬಿವಲಿಯ ಸ್ಟೇಷನ್ ರಸ್ತೆಯಲ್ಲಿ, ಗಟಾರದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಬಣ್ಣಬಣ್ಣದ ಪೆನ್ನುಗಳು, ಕೈಯಲ್ಲಿ ಮನೆಯ ಬೀಗದ ಕೈ. ಆ ಬೀಗದ ಕೈಯಿಂದ ಗಟಾರಕ್ಕೆ ಮುಚ್ಚಿದ್ದ ಹಾಸುಗಲ್ಲನ್ನು ಟಣ್ ಟಣ್ ಎಂದು ಬಡಿದು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಲೋಕಲ್ ಟ್ರೇನಿನಿಂದ ಇಳಿದ ಜನ, ಹೊಳೆ ಬಂಡೆಯನ್ನು ಬಳಸುವ ಹಾಗೆ, ಅವರನ್ನು ಎರಡು ಕಡೆಯಿಂದ ಬಳಸಿಕೊಂಡು ಹೋಗುತ್ತಿದ್ದರು. ಪೂರ್ ಫೆಲೋ, ಏನೋ ಕಳೆದುಕೊಂಡಿದ್ದಾರೆ ಎಂದು ನಾನು ನಿಂತು ಹಿಂದಿಯಲ್ಲಿ ವಿಚಾರಿಸಿದೆ. ನನ್ನ ಹಿಂದಿಯೊಳಗಿನ ಮೈಸೂರು ಅವರಿಗೆ ಒಂದೇ ವಾಕ್ಯಕ್ಕೆ ಸಿಕ್ಕಿಬಿತ್ತು.

"ಏನೂ ಬಿದ್ದಿಲ್ರೀ ಮೇಡಂ," ಎಂದರು ಕನ್ನಡದಲ್ಲೇ. "ಇದು ನಮ್ಮೂರ ಕಲ್ಲು. ಮಾತಾಡಸ್ಲಿಕತ್ತೀನಿ."

ಆಮೇಲೆ ಗೊತ್ತಾಯಿತು, ಅವರು ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಗೆ ಹೊಸದಾಗಿ ಬಂದವರು, ನಾನು ಮೊದಲನೆಯದರಲ್ಲಿ ಹಳಬಳು. ಬೇಲಾಪುರದ ಒಂದು ಪ್ಲಾನಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಊರು ಶಹಾಬಾದಿನ ಆಚೆ, ಕಾಗಿಣಾ ನದಿಯ ಮೇಲಿನ ದಿಬ್ಬದಲ್ಲಿ ಎಲ್ಲೋ. ತಂದೆ ಅಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಈ ಕಡೆಯವರು 'ಶಹಾಬಾದಿ ಫರಸಿ' ಎನ್ನುವ ಬೂದು ಬಣ್ಣದ ಹಾಸುಗಲ್ಲು ಇದೆಯಲ್ಲ, ಚಾಳಿನ ಮೆಟ್ಟಿಲಿಗೆ, ಬಚ್ಚಲಿಗೆ, ಫುಟ್‌ಪಾತಿಗೆ ಹಾಕುವಂಥದ್ದು, ಅದು ಅವರ ಹಿತ್ತಲಿನದು. ಹಾಗಾಗಿ ಅವರ ಲೆಕ್ಕದಲ್ಲಿ ಅವರು ಊರು ಬಿಟ್ಟು ಬಂದವರೇ ಅಲ್ಲ.

"ಅರ್ಧಾ ಡೊಂಬಿವಲಿ ನಮ್ಮೂರಿಂದ ಬಂದದ್ರಿ," ಎನ್ನುತ್ತಿದ್ದರು. "ಉಳಿದರ್ಧಾ ಗಾಡಿಯೊಳಗ ಅದ, ಬರ್ತದ."

ಮೊದಲ ಸಲ ನಮ್ಮ ಮನೆಗೆ ಚಹಾಕ್ಕೆ ಬಂದಾಗ ನನ್ನ ಅಡುಗೆಮನೆಯ ಕರೀ ಕಡಪಾ ಕಲ್ಲಿನ ಕಟ್ಟೆಯನ್ನೂ ಬೆರಳ ಗಂಟಿನಿಂದ ಬಡಿದು ನೋಡಿದರು. "ಇದೂ ಸುಣ್ಣಕಲ್ಲೇ ರೀ. ಆಂಧ್ರದ್ದು. ಸಂಬಂಧಿಕರೇ, ಆದ್ರ ದೂರದವರು." ಹೇಳಿದ ಧಾಟಿಯಲ್ಲಿ ಒಂದು ಹಳೆಯ ಆಸ್ತಿ ಜಗಳದ ವಾಸನೆಯಿತ್ತು.

ಸೊಸೈಟಿಯ ಮಕ್ಕಳು ಅವರನ್ನು 'ಪ್ಲಾನ್ ಕಾಕಾ' ಎನ್ನುತ್ತಿದ್ದವು. ಅವರ ಹೆಂಡತಿ ಎಲ್ಲರಿಗೂ ಕಾಕು. ಪ್ಲಾನ್ ಇಲ್ಲದೆ ಅವರು ಚಪ್ಪಲಿ ಸ್ಟ್ಯಾಂಡನ್ನೂ ಸರಿಸಿದವರಲ್ಲ. ಮೊದಲು ಅಳತೆ, ಆಮೇಲೆ ನಕಾಶೆ, ನಕಾಶೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಗಣಪತಿ ಪೆಂಡಾಲಿನಲ್ಲಿ ಪ್ರಸಾದದ ಸಾಲು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಬಾಣ. ಅದು ಯಾರ ಮನೆಯಲ್ಲೂ ಇರಬಹುದಾದ ಹುಚ್ಚು. ಅವರ ನಿಜವಾದ ಕಾಯಿಲೆ ಬೇರೆ. ನಕಾಶೆ ಮುಗಿದ ಮೇಲೆ ಅವರು ಅದನ್ನು ಎಲ್ಲರಿಗೂ ಕಾಣುವಲ್ಲಿ ಅಂಟಿಸಿ, ಕೆಳಗೆ 'ಹರಕತ್ತು ಹಾಗೂ ಸೂಚನೆ ಇದ್ದರೆ ತಿಳಿಸಿ' ಎಂದು ಬರೆಯುತ್ತಿದ್ದರು. ಅವರ ಆಫೀಸಿನಲ್ಲಿ ರಸ್ತೆಯಾಗಲಿ ಮೈದಾನವಾಗಲಿ, ಕರಡು ಪ್ಲಾನ್ ಮಾಡಿ, ಜನರ ಹರಕತ್ತು, ಅಂದರೆ ಆಕ್ಷೇಪಣೆ, ಕರೆದು, ಕೂರಿಸಿ ಕೇಳಿ, ತಿದ್ದಿದ ಮೇಲೇ ಅದು ಪ್ಲಾನ್ ಆಗುವುದು. ಜೀವಮಾನವಿಡೀ ಆ ಕೆಲಸ ಮಾಡಿ ಅದು ಅವರಿಗೆ ಆಫೀಸಿನ ಪದ್ಧತಿಯಾಗಿ ಉಳಿದಿರಲಿಲ್ಲ, ಮಡಿಯಾಗಿತ್ತು. ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸುವ ಅವರ ಕರಡು ನಕಾಶೆ ಒಂದಿಡೀ ಶ್ರಾವಣ ಫ್ರಿಜ್ಜಿನ ಬಾಗಿಲ ಮೇಲೆ ಇದ್ದದ್ದನ್ನು ನಾನೇ ನೋಡಿದ್ದೇನೆ.

"ಯಾರರ ಹರಕತ್ ಕೊಟ್ರಾ?" ಎಂದು ಕಾಕುವನ್ನು ಕೇಳಿದೆ, ಅವರ ಭಾಷೆಯನ್ನೇ ಅನುಕರಿಸಿ.

"ಕೊಡದೇನ್ರಿ? ಸಾಸಿವಿ ಡಬ್ಬಿ ಒಯ್ದು ಅಟ್ಟದ ಮ್ಯಾಲ ಇಟ್ಟಾರ. ಒಗ್ಗರಣಿ ಹಾಕಲಿಕ್ಕೆ ನಿಚ್ಚಣಿಕಿ ಏರಲೇನು? ಅಂದೆ. ಆಕ್ಷೇಪಣೆ ಮಾನ್ಯ ಅಂದ್ರು."

ಅದೇ ಅವರ ದೊಡ್ಡತನ. ಯಾರು ಏನು ಅಡ್ಡ ಹೇಳಿದರೂ ಮುಖ ಸಣ್ಣದು ಮಾಡುತ್ತಿರಲಿಲ್ಲ. "ಹರಕತ್ತು ಬರ್ಲಿಲ್ಲಂದ್ರ ಯಾರೂ ಓದಿಲ್ಲಂತ ಅರ್ಥ ರೀ ಮೇಡಂ," ಎನ್ನುತ್ತಿದ್ದರು. ಕೆಂಪು ಪೆನ್ನು ತೆಗೆದು ತಾವು ವಾರಗಟ್ಟಲೆ ಎಳೆದ ಗೆರೆಯನ್ನು ತಾವೇ ಹೊಡೆದುಹಾಕುವಾಗ ಅವರ ಮುಖದಲ್ಲಿ ಒಂದು ಬಗೆಯ ಹೋಲಿ ಕಮ್ಯುನಿಯನ್ ಕಳೆ ಇರುತ್ತಿತ್ತು. ಕಾನ್ವೆಂಟಿನಲ್ಲಿ ಓದಿ, ಚರ್ಚಿನಲ್ಲಿ ಆ ಪ್ರಸಾದ ತೆಗೆದುಕೊಳ್ಳುವವರ ಮುಖ ನೋಡಿದವಳಿಗೆ ಅದು ಗುರುತು ಸಿಗುತ್ತದೆ.

ಸೈಕಲ್ ವಿಷಯಕ್ಕೆ ಬರುತ್ತೇನೆ. ರಿಟೈರಾದ ಮೇಲೆ ಅವರ ಬಲ ಮೊಣಕಾಲು ಮುಷ್ಕರ ಹೂಡಿತು. ಪಕ್ಕದ ಠಾಣೆ ಊರಿನ ಡಾಕ್ಟರು ಸಂಕ್ರಾಂತಿ ಕಳೆದ ಮೇಲೆ ಕೀಲು ಬದಲಿಸೋಣ, ಅಲ್ಲಿಯವರೆಗೆ ಸ್ನಾಯು ಗಟ್ಟಿಯಾಗಲು ಸ್ವಲ್ಪ ಸೈಕಲ್ ತುಳಿಯಿರಿ ಎಂದರು. ಡಾಕ್ಟರು ಹೇಳಿದ್ದು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲು. ಇವರು ತಂದದ್ದು ಗುಡ್ಡ ಹತ್ತುವ, ದಪ್ಪ ಟೈರಿನ, ಗೇರುಗಳ ಮೌಂಟನ್ ಬೈಕು.

"ಡಾಕ್ಟರು ಸೈಕಲ್ ಅಂದ್ರು. ಎಂಥದು ಅಂತ ಸ್ಪೆಸಿಫಿಕೇಶನ್ ಕೊಡ್ಲಿಲ್ಲ," ಎಂದರು.

ಡೊಂಬಿವಲಿಯಲ್ಲಿ ಗುಡ್ಡ ಎಲ್ಲಿದೆ? ರಸ್ತೆಯಲ್ಲಿ ನಡೆಯುವುದಕ್ಕೇ ಜಾಗವಿಲ್ಲ. ಹಾಗಾಗಿ ಅವರು ಒಂದು ಭಾನುವಾರ ಬೇಲಾಪುರದ ಪಾರ್ಸಿಕ್ ಗುಡ್ಡಕ್ಕೆ ಹೋಗುವುದೆಂದು ತೀರ್ಮಾನಿಸಿ, ಸೈಕಲನ್ನು ಲೋಕಲ್‌ನ ಲಗೇಜ್ ಡಬ್ಬಿಗೆ ಹತ್ತಿಸಿದರು. ಮೀನಿನ ಬುಟ್ಟಿ, ಮೆಂತ್ಯದ ಮೂಟೆಗಳ ನಡುವೆ ಹ್ಯಾಂಡಲ್ ಹಿಡಿದು ನಿಂತವರನ್ನು ಒಬ್ಬ ಮೀನುಗಾರ ಹೆಂಗಸು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ ಕೇಳಿದಳಂತೆ: ಕಾಕಾ, ಸೈಕಲ್ ಇರುವಾಗ ಟ್ರೇನ್ ಯಾಕೆ? ಠಾಣೆಯಲ್ಲಿ ಗಾಡಿ ಬದಲಿಸಿ, ಗುಡ್ಡದ ಬುಡ ಮುಟ್ಟಿ, ಅರ್ಧ ಏರಿ, ಸೈಕಲನ್ನೂ ಮೊಣಕಾಲನ್ನೂ ತಳ್ಳಿಕೊಂಡು ಇಳಿದು ಬಂದರು. ಮೈಯಲ್ಲಿ ಬೊಂಬಿಲ ಮೀನಿನ ವಾಸನೆ. ಕಾಕು ಬಾಗಿಲಲ್ಲೇ ತಡೆದು, ಸೈಕಲ್ಲಿಗೆ ಮೊದಲು, ಗಂಡನಿಗೆ ಆಮೇಲೆ ನೀರು ಹಾಕಿದರು.

ಆ ಸಂಜೆ ನಾನು ಅವರ ಸಮಾಧಾನಕ್ಕೆಂದು ನನ್ನ ಸ್ಕೂಲಿನ ಕಥೆ ಹೇಳಿದೆ. ಮೈಸೂರಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದ ಐರಿಷ್ ಸಿಸ್ಟರ್ 'ಲೈಮ್‌ಸ್ಟೋನ್ ಕಂಟ್ರಿ', ಸುಣ್ಣಕಲ್ಲಿನ ನಾಡು, ಎಂದು ಹೇಳುವಾಗ ಕಣ್ಣು ಮುಚ್ಚುತ್ತಿದ್ದರು. ಎತ್ತರದ ಬಯಲು, ಮರವಿಲ್ಲ, ಬರಿಯ ಹುಲ್ಲು ಮತ್ತು ಬೆಳ್ಳಿ ಬಣ್ಣದ ಕಲ್ಲು, ಹೊಲಗಳ ಸುತ್ತ ಕಲ್ಲಿನ ಗೋಡೆ, ನೆಲದೊಳಗೆ ಮಾಯವಾಗಿ ಇನ್ನೆಲ್ಲೋ ಏಳುವ ತೊರೆ. ಹುಡುಗಿಯಾಗಿದ್ದಾಗ ಆ ಬಯಲಿನಲ್ಲಿ ಸೈಕಲ್ ಹೊಡೆದಿದ್ದರಂತೆ. ನಾನೂ ಆಗ ಲೇಡೀಸ್ ಸೈಕಲ್ಲಿನಲ್ಲಿ, ಎರಡು ಜಡೆ ಹಾರಿಸಿಕೊಂಡು, ಇದೇ ಲೈಮ್‌ಸ್ಟೋನ್ ಕಂಟ್ರಿ ಎಂದುಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿಗೆ ಹೋಗಿಯೇ ಹೋಗುತ್ತೇನೆ ಎಂದುಕೊಂಡಿದ್ದೆ. ಹೋಗಿದ್ದು ಡೊಂಬಿವಲಿಗೆ. ವೆಲ್, ದಟ್ಸ್ ಲೈಫ್.

ಅವರು ಚಹಾ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ನೀವು ನಮ್ಮೂರು ಹೇಳ್ಲಿಕತ್ತೀರಿ, ಮೇಡಂ. ಗುಡ್ಡ ಅಂದ್ರ ಗುಡ್ಡ ಅಲ್ಲ, ಮೇಜು. ಒಮ್ಮೆ ಏರಿದ್ರ ಮುಗೀತು. ಹೊಲದ ಬೇಲಿ ಕಲ್ಲು, ಮನೀ ಮಾಳಿಗಿ ಕಲ್ಲು, ಮಲಗೋದು ಕಲ್ಲು. ಮ್ಯಾಲಿಂದ ಹೊಳೀತನಕ ಬೆಳ್ಳಗ ಒಂದು ದಾರಿ ಅದ, ಒಂದೇ ಇಳಿಜಾರು. ಅಪ್ಪಗ ಬುತ್ತಿ ಒಯ್ಯೂವಾಗ ಖಣಿ ಮ್ಯಾನೇಜರ್ ಸೈಕಲ್ ಮ್ಯಾಲ ಅಲ್ಲಿ ಇಳೀತಿದ್ದ. ಕೈ ಬಿಟ್ಟು! ನಾ ರೊಟ್ಟಿ ಗಂಟು ಹಿಡಕೊಂಡು ಬದಿಗೆ ನಿಂದರ್ತಿದ್ದೆ. ಧೂಳು ನನಗ, ಗಾಳಿ ಅವಗ."

ಮೊಣಕಾಲು ನೀವಿಕೊಳ್ಳುತ್ತ, "ಆಪರೇಶನ್ ಆದಮ್ಯಾಲ ಗುಡ್ಡ ಬಂದ್ ಅಂದಾರ ಡಾಕ್ಟರು. ಹೋದ್ರ ಈ ಚಳಿಗೇ ಹೋಗಬೇಕು," ಎಂದರು.

ಮುಂದಿನ ವಾರ ನಕಾಶೆ ಸಿದ್ಧವಾಯಿತು. ಇಟ್ ವಾಸ್ ಎ ಥಿಂಗ್ ಆಫ್ ಬ್ಯೂಟಿ, ಸುಳ್ಳು ಹೇಳುವುದಿಲ್ಲ. ಶಹಾಬಾದ್ ಸ್ಟೇಷನ್ನಿನಿಂದ ಹೊರಟ ಹಸಿರು ಗೆರೆ ತೊಗರಿ ಹೊಲಗಳನ್ನು ದಾಟಿ, ದಿಬ್ಬ ಏರಿ, ಹಳೆಯ ಖಣಿಗಳ ಅಂಚಿನಲ್ಲಿ ಬಳುಕಿ, ಕೊನೆಗೆ ಆ ಬಿಳಿ ದಾರಿಯಲ್ಲಿ ಕಾಗಿಣೆಗೆ ಇಳಿಯುತ್ತಿತ್ತು. ಎಲ್ಲಿ ನಿಂತು ನೋಡಬೇಕು, ಎಲ್ಲಿ ನೀರು ಸಿಗುತ್ತದೆ, ಬೆಳಗಿನ ಬಿಸಿಲು ಯಾವ ಕಲ್ಲಿನ ಮೇಲೆ ಬೀಳುತ್ತದೆ, ಎಲ್ಲ ಇತ್ತು. ಮೂಲೆಯಲ್ಲಿ ಬಾಣ. ನನಗೆ ಒಂದು ಪ್ರತಿ ಕೊಡುತ್ತಾರೆಂದುಕೊಂಡೆ. ಅವರು ನೇರ ಕೆಳಗೆ ಹೋಗಿ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ, ನೀರಿನ ಟ್ಯಾಂಕ್ ತೊಳೆಯುವ ಸೂಚನೆಯ ಪಕ್ಕದಲ್ಲಿ ಅಂಟಿಸಿದರು. ಕೆಳಗೆ ಆ ಸಾಲು: ಹರಕತ್ತು ಹಾಗೂ ಸೂಚನೆ ಇದ್ದರೆ ಅವಧಿಯೊಳಗೆ ತಿಳಿಸಿ.

"ಅಲ್ಲ, ನೀವೊಬ್ಬರು ಸೈಕಲ್ ಹೊಡೆಯೋಕೆ ಊರಿನವರನ್ನೆಲ್ಲ ಯಾಕೆ ಕೇಳಬೇಕು?" ಎಂದೆ.

"ಕೇಳದಿದ್ರ ಅದು ಪ್ಲಾನ್ ಅಲ್ರೀ ಮೇಡಂ. ಬರೇ ಆಸೆ."

ಕೇಳುವುದೇ ತಡ, ಜನ ಓದಿದರು. ಕಟ್ಟಡ ಸೋರುತ್ತದೆ ಎಂಬ ನೋಟಿಸನ್ನು ಓದದವರು ಇದನ್ನು ಓದಿದರು. ವಾಚ್‌ಮನ್ ಕೋಣೆಯ ಪಕ್ಕದ ಡಬ್ಬಿ ಚೀಟಿಗಳಿಂದ ತುಂಬಿತು. ಕೊನೆಗೆ ಸೊಸೈಟಿ ಆಫೀಸಿನಲ್ಲಿ ಹಿಯರಿಂಗ್ ಇಟ್ಟರು. ನಾನು ಇಂಗ್ಲಿಷ್ ಟೀಚರ್ ಆಗಿದ್ದವಳೆಂದು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಿಸಿದರು. ಅವರು ಮಾತ್ರ ಎದುರಿಗೆ, ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಶಿಸ್ತಿನ ಆರೋಪಿಯ ಹಾಗೆ ನಿಂತರು.

ಮೊದಲು ಎದ್ದವರು ಸ್ಟೇಷನ್ ಹತ್ತಿರದ ಹೋಟೆಲಿನ ಮಾಲೀಕರು. ಉಡುಪಿ ಕಡೆಯವರು, ನಮ್ಮ ಬಿಲ್ಡಿಂಗಿನಲ್ಲೇ ಮನೆ, ನಾವೆಲ್ಲ ಅಣ್ಣ ಎನ್ನುತ್ತೇವೆ.

"ಅಲ್ಲ ಮಾರಾಯ್ರೆ, ಅಲ್ಲಿಂದ ಇಲ್ಲಿವರೆಗೆ ಒಂದು ಚಾದ ಅಂಗಡಿ ಸಹ ಇಲ್ವಲ್ಲ ಇದ್ರಲ್ಲಿ. ಇದು ಮನುಷ್ಯರು ಹೋಗುವ ದಾರಿಯಾ, ಆಡು ಹೋಗುವ ದಾರಿಯಾ?"

"ಆಡು ಹೋಗ್ತಾವ್ರಿ."

"ಆಡಿಗಾದ್ರೂ ಹಸಿವಾಗ್ತದಲ್ಲ! ಊಟದ್ದು ನಾನು ನೋಡಿಕೊಳ್ತೇನೆ. ಆದ್ರೆ ಪಾತ್ರೆ, ಸ್ಟವ್ ಎಲ್ಲ ಸೈಕಲ್ಲಿನಲ್ಲಿ ಹೋಗುದಿಲ್ಲ. ಒಂದು ಗಾಡಿ ಬೇಕು."

"ನೀವೂ ಬರ್ತೀರೇನು?" ಅವರು ಕಣ್ಣರಳಿಸಿದರು.

"ಮತ್ತೆ ಹರಕತ್ತು ಸುಮ್ಮನೆ ಕೊಟ್ಟದ್ದಾ?"

ಆಕ್ಷೇಪಣೆ ಮಾನ್ಯ. ಹಸಿರು ಗೆರೆಯ ಪಕ್ಕದಲ್ಲಿ ಕೆಂಪು ಬಣ್ಣದ ಒಂದು ಗಾಡಿ ರಸ್ತೆ ಹುಟ್ಟಿತು.

ಐದನೇ ಮಹಡಿಯ ಬೆಂಗಳೂರಿನ ಹುಡುಗಿ, ಐರೋಲಿಯ ಯಾವುದೋ ಕಂಪನಿಯಲ್ಲಿ ಕೆಲಸ, ಮೊಬೈಲ್ ನೋಡುತ್ತಲೇ ಎದ್ದಳು. "ಅಂಕಲ್, ಎಲಿವೇಶನ್ ಪ್ರೊಫೈಲ್ ಹಾಕಿಲ್ಲ ನೀವು. ಆ ಕ್ಲೈಂಬ್ ಎಷ್ಟು ಉದ್ದ ಅಂತ ಗೊತ್ತಾಗ್ಬೇಕಲ್ವಾ?"

"ಸಣ್ಣಾವಿದ್ದಾಗ ನನ್ನ ಹಂತ್ಯಾಕ ಟೇಪ್ ಇರ್ಲಿಲ್ಲ ತಂಗಿ."

"ಹಾಗಾದ್ರೆ ಹತ್ತೋ ಭಾಗ ಬಸ್ಸಲ್ಲೇ ಹೋಗೋಣ ಅಂಕಲ್, ಸೇಫು."

ಮಾನ್ಯ. ನಮ್ಮ ಸೆಕ್ರೆಟರಿ ಮರಾಠಿಯವರು, ಅವರಿಗೆ ಕನ್ನಡ ಬಾರದು, ಆದರೂ ಹೆಂಡತಿಯ ಪರವಾಗಿ ಒಂದು ದೇವಸ್ಥಾನ ಬೇಕೆಂದರು. ಹತ್ತಿರದಲ್ಲೇ ಒಂದು ಗುಡಿ ಸಿಕ್ಕಿತು. ಮಾನ್ಯ. ಹೀಗೆ ಹಸಿರು ಗೆರೆ ಒಂದೊಂದೇ ಕಡೆ ಕೆಂಪಾಗುತ್ತ ಬಂದು, ಕೊನೆಗೆ ಉಳಿದದ್ದು ಆ ಬಿಳಿ ಇಳಿಜಾರು ಮಾತ್ರ. ನಾನು ಉಸಿರು ಬಿಟ್ಟೆ. ಅಷ್ಟು ಉಳಿದರೆ ಸಾಕಿತ್ತು. ಆಗ ಹಿಂದಿನ ಬೆಂಚಿನಿಂದ ಕಾಕು ಎದ್ದರು.

"ನಂದೂ ಒಂದು ಹರಕತ್ತದ."

"ಬರವಣಿಗಿಯೊಳಗ ಕೊಟ್ಟೀಯೇನು?"

"ನಾಳಿ ರೊಟ್ಟಿ ಮ್ಯಾಲ ಬರದು ಕೊಡ್ತೀನಿ, ಓದಕೊಂಡು ತಿನ್ರಿ." ಜನ ನಕ್ಕರು. ಕಾಕು ನಗಲಿಲ್ಲ. ಮುಂದೆ ಬಂದು ನಕಾಶೆಯ ಮೇಲೆ ಬೆರಳಿಟ್ಟರು. "ಇದರಾಗ ರಸ್ತಾ ಅದ, ಹೊಳಿ ಅದ, ಗುಡಿ ಅದ. ಉತ್ತರ ದಿಕ್ಕೂ ಅದ. ಈ ಮನಷ್ಯಾನ ಮೊಣಕಾಲು ಎಲ್ಲದ ತೋರಸ್ರಿ."

ಅವರು ನಿಜಕ್ಕೂ ನಕಾಶೆಯ ಮೇಲೆ ಬಗ್ಗಿ ಹುಡುಕಿದರು, ಎಲ್ಲಾದರೂ ಹಾಕಿ ಮರೆತಿದ್ದೇನೋ ಎಂಬಂತೆ. ಆಮೇಲೆ ಕೆಂಪು ಪೆನ್ನು ಎತ್ತಿ, ಸ್ಕೇಲ್ ಇಟ್ಟು, ಆ ಕೊನೆಯ ತುಂಡನ್ನೂ ನೀಟಾಗಿ ಹೊಡೆದರು.

"ಆಕ್ಷೇಪಣೆ ಮಾನ್ಯ."

ಸೈಕಲ್ ಸವಾರಿಗೆಂದು ಹೊರಟ ಪ್ಲಾನ್, ಮಿನಿಬಸ್ಸಿನ ಪಿಕ್ನಿಕ್ ಆಗಿ ಮಂಜೂರಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವರೂ ಹೊಡೆದರು.

ನನಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಮೂರನೇ ಮಹಡಿ ಹತ್ತಿ ನನ್ನ ಆಕ್ಷೇಪಣೆಯನ್ನು ಅವರ ಕೈಗಿತ್ತೆ: ಇಳಿಜಾರಿನ ಸೈಕಲ್ ದಾರಿಯನ್ನು ರದ್ದು ಮಾಡಬಾರದು. ಒಳ್ಳೆಯ ಕಾನ್ವೆಂಟ್ ಕೈಬರಹದಲ್ಲಿ ಬರೆದಿದ್ದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಅವಧಿ ಮುಗದದ್ರೀ ಮೇಡಂ. ನಿನ್ನೆನೇ ಕೊನೀ ದಿನಾ."

"ವಾಟ್ ನಾನ್ಸೆನ್ಸ್! ಸೈಕಲ್ ನಿಮ್ಮದು, ಕಾಲು ನಿಮ್ಮದು, ಪ್ಲಾನ್ ನಿಮ್ಮದು!"

"ಅದಕ್ಕೇ ರೀ. ನಂದಾಗಿದ್ದಕ್ಕೇ ನಿಯಮ ಸಡಿಲ ಮಾಡ್ಲಿಕ್ಕಾಗೂದಿಲ್ಲ. ಮಂದಿ ಏನಂದಾರು?" ಆಮೇಲೆ ದನಿ ಸ್ವಲ್ಪ ಎತ್ತರಿಸಿ, ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದರು: "ಹರಕತ್ತು ಕೊಟ್ಟವರೇ ವಾಪಸ್ ತಗೊಂಡ್ರ ಮಾತು ಬ್ಯಾರೆ. ಅದಕ್ಕ ಅವಧಿ ಇಲ್ಲ. ಯಾವಾಗ ಬೇಕಾದ್ರೂ ತಗೋಬಹುದು."

"ಕಾಕು, ಕೇಳಿಸ್ತಾ?" ಎಂದು ಕೂಗಿದೆ.

"ಕುಕ್ಕರ್ ಕೂಗ್ಲಿಕತ್ತದ, ಏನೂ ಕೇಳಸ್ವಲ್ದು," ಎಂದು ಒಳಗಿನಿಂದ ಉತ್ತರ ಬಂತು. ಕುಕ್ಕರ್ ಇನ್ನೂ ತೊಳೆಯದೆ ಪಾತ್ರೆ ತಿಕ್ಕುವ ಮೋರಿಯಲ್ಲಿ ಬಿದ್ದಿದ್ದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು.

ಚಳಿ ಬಿದ್ದ ಮೇಲೆ ಕಲ್ಯಾಣದಲ್ಲಿ ಗಾಡಿ ಹತ್ತಿದೆವು. ಶಹಾಬಾದಿನಲ್ಲಿ ಇಳಿದಾಗ ಅವರು ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತರು. ಅಷ್ಟರಲ್ಲಿ ಸಾಮಾನು ತರುವ ಬ್ರೇಕ್ ವ್ಯಾನಿನಿಂದ ಪೋರ್ಟರ್ ಒಂದು ವಿಚಿತ್ರ ಆಕಾರದ ಗೋಣಿಯ ಗಂಟು ಇಳಿಸಿದ. ಗೋಣಿಯ ತೂತಿನಿಂದ ದಪ್ಪ ಟೈರು ಇಣುಕುತ್ತಿತ್ತು.

"ಇದನ್ಯಾರು ಬುಕ್ ಮಾಡಿದ್ರು?" ಅವರು ತೂತಿನಲ್ಲಿ ಬೆರಳಿಟ್ಟು ಟೈರು ಒತ್ತಿ ನೋಡಿದರು. "ಪ್ಲಾನಿನೊಳಗ ಇಲ್ಲ ಇದು."

ಅಣ್ಣ ಆಕಾಶ ನೋಡಿದರು. ಕಾಕು ಸೆರಗು ಬಿಗಿದುಕೊಂಡರು. "ಮನ್ಯಾಗ ಬಿಟ್ಟು ಬಂದ್ರ ಸೊಸೈಟಿ ಹುಡುಗೋರು ಮುರದಿಡ್ತಾವ. ಅದಕ್ಕ ತಂದೀನಿ. ಏರಲಿಕ್ಕಲ್ಲ."

ಮಿನಿಬಸ್ಸು, ಮಾಳಿಗೆಯ ಮೇಲೆ ಸೈಕಲ್ ಕಟ್ಟಿಕೊಂಡು, ಎಲ್ಲ ಆಕ್ಷೇಪಣೆಗಳನ್ನೂ ಪಾಲಿಸುತ್ತ ಹೊರಟಿತು. ಗುಡಿಯಲ್ಲಿ ಕೈಮುಗಿದೆವು. ಅಣ್ಣನ ಸ್ಟವ್ ಹೊತ್ತಿ ಉಪ್ಪಿಟ್ಟಾಯಿತು. ಆಮೇಲೆ ಬಸ್ಸು ಗುರುಗುಡುತ್ತ ದಿಬ್ಬ ಏರಿ ನಿಂತಿತು. ಇಳಿದೆ. ಹೇಗೆ ಹೇಳಲಿ? ಅದು ಮೇಜೇ. ಆಕಾಶದ ಕೆಳಗೆ ಹಾಸಿಟ್ಟ ಬೂದು ಕಲ್ಲಿನ ಮೇಜು, ಸಂದುಗಳಲ್ಲಿ ಒಣಗಿದ ಹುಲ್ಲು. ಹೊಲಗಳ ಸುತ್ತ ಕಲ್ಲಿನ ಹಲಗೆಗಳನ್ನು ನೆಟ್ಟ ಬೇಲಿ, ಸಾಲಾಗಿ ನಿಂತ ಬೆಂಚಿನ ಬೆನ್ನುಗಳ ಹಾಗೆ. ಗಾಳಿ ಬಿಟ್ಟರೆ ಸದ್ದಿಲ್ಲ. ಕೆಳಗೆ ದೂರದಲ್ಲಿ ಹೊಳೆ, ಅಲ್ಲಿಗೆ ಇಳಿಯುವ ದಾರಿ, ಬೆಳ್ಳಗೆ. ಸಿಸ್ಟರ್ ಕಣ್ಣು ಮುಚ್ಚಿ ನೋಡುತ್ತಿದ್ದದ್ದನ್ನು ನಾನು ಕಣ್ಣು ತೆರೆದು ನೋಡುತ್ತಿದ್ದೆ. ಕರ್ಚೀಫ್ ಹುಡುಕಬೇಕಾಯಿತು.

ಅವರು ಆ ದಾರಿಯ ಬದಿಗೆ ಹೋಗಿ ನಿಂತರು. ದಾರಿಯ ಮೇಲಲ್ಲ, ಬದಿಗೆ. ಎರಡೂ ಕೈ ಮುಂದೆ ಕಟ್ಟಿಕೊಂಡು, ಏನೋ ಗಂಟು ಹಿಡಿದವರ ಹಾಗೆ. ಯಾರಿಗೋ ದಾರಿ ಬಿಟ್ಟು ಕೊಟ್ಟ ಹಾಗೆ.

ಕಾಕು ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡಿದರು. ಆಮೇಲೆ ಡ್ರೈವರನ ಕಡೆ ತಿರುಗಿ, "ಏ ತಮ್ಮಾ, ಆ ಸೈಕಲ್ ಇಳಸು," ಎಂದರು. ಗಂಡನ ಹತ್ತಿರ ಹೋದರು. "ನನ್ನ ಹರಕತ್ತು ವಾಪಸ್."

ಅವರು ತಿರುಗಿದರು. ಆ ಕ್ಷಣದಲ್ಲೂ, ಐ ಸ್ವೇರ್, ಅವರ ಕೈ ಜೇಬಿನ ಕೆಂಪು ಪೆನ್ನಿನ ಕಡೆ ಹೋಯಿತು. "ಬರವಣಿಗಿಯೊಳಗ..."

"ಈಗ ಏರ್ತೀರೋ ಇಲ್ಲೋ!"

ಏರಿದರು. ನನ್ನ ಅಧ್ಯಕ್ಷತೆಯಲ್ಲಿ ಅಣ್ಣ ಸೀಟು ಹಿಡಿದರು, ಬೆಂಗಳೂರಿನ ಹುಡುಗಿ ಬ್ರೇಕ್ ನೋಡಿದಳು, ಸೆಕ್ರೆಟರಿ ಏನೂ ಅರ್ಥವಾಗದೆಯೂ "ಗಣಪತಿ ಬಪ್ಪಾ" ಎಂದರು, ನಾವೆಲ್ಲ "ಮೋರಯಾ" ಎಂದೆವು. ಸೈಕಲ್ ತಾನೇ ಇಳಿಯತೊಡಗಿತು. ಅವರು ತುಳಿಯಬೇಕಾಗಿರಲಿಲ್ಲ, ಮೊಣಕಾಲಿಗೆ ಕೆಲಸವೇ ಇರಲಿಲ್ಲ. ಮೊದಲ ತಿರುವಿನ ತನಕ ಹ್ಯಾಂಡಲ್ಲನ್ನು ಲಗೇಜ್ ಡಬ್ಬಿಯಲ್ಲಿ ಹಿಡಿದ ಹಾಗೇ ಹಿಡಿದಿದ್ದರು. ತಿರುವು ದಾಟಿದ ಮೇಲೆ ಒಂದು ಕೈ ಬಿಟ್ಟರು. ಕಾಕು "ಅಯ್ಯ ಇವರ" ಎಂದರು. ಆಮೇಲೆ ಇನ್ನೊಂದನ್ನೂ ಬಿಟ್ಟರು. ಬಿಳಿ ಧೂಳು ಮೇಲೆದ್ದು ಬೇಲಿಯ ಕಲ್ಲುಗಳ ಮೇಲೆ ನಿಧಾನಕ್ಕೆ ಇಳಿಯಿತು. ಬೆಲ್ಲಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆ ಬಯಲಿನಲ್ಲಿ ಬೆಲ್ ಹೊಡೆಯುವುದಕ್ಕೆ ಎದುರಿಗೆ ಒಂದು ಆಡೂ ಇರಲಿಲ್ಲ.

ಬಸ್ಸು ಸುತ್ತು ಬಳಸಿ ಹೊಳೆಯ ದಂಡೆಗೆ ಬಂದಾಗ ಅವರು ಅಲ್ಲಿರಲಿಲ್ಲ. ಕಾದೆವು. ಕಾಕು ಎಲ್ಲರನ್ನೂ ಬೈಯತೊಡಗಿದರು, ನನ್ನ ಐರಿಷ್ ಸಿಸ್ಟರನ್ನೂ ಸೇರಿಸಿ. ಕೊನೆಗೆ ಅವರು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಹೊಳೆಯ ಆಚೆ ದಂಡೆಯಿಂದ, ಮೊಣಕಾಲುದ್ದ ನೀರಿನಲ್ಲಿ ಸೈಕಲ್ ತಳ್ಳಿಕೊಂಡು, ಕೂದಲೆಲ್ಲ ಬೆಳ್ಳಗಾಗಿ. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ದಾರಿಯ ಕೊನೆಯ ತುಂಡನ್ನು ಖಣಿ ಎಂದೋ ತಿಂದುಹಾಕಿತ್ತಂತೆ. ಸುತ್ತಿ ಸುತ್ತಿ, ತಮ್ಮದೇ ನಕಾಶೆಯಲ್ಲಿ ದಾರಿ ತಪ್ಪಿ, ಕೆಳಗೆಲ್ಲೋ ಸೇತುವೆ ದಾಟಿ ಆಚೆ ದಂಡೆ ಸೇರಿಬಿಟ್ಟಿದ್ದರು.

"ಏನಾಯ್ತ್ರೀ?" ಎಂದೆ.

"ಪ್ಲಾನ್ ಸರಿ ಅದ ಮೇಡಂ," ಎಂದರು, ಹಲ್ಲೆಲ್ಲ ತೋರಿಸಿ. "ಸೈಟ್ ತಪ್ಪದ."

ಸೈಕಲ್ ಡೊಂಬಿವಲಿಗೆ ಮರಳಲಿಲ್ಲ. ಶಹಾಬಾದಿನಲ್ಲಿದ್ದ ಕಾಕುವಿನ ತಮ್ಮನ ಮಗಳು ಅದರಲ್ಲಿ ಕಾಲೇಜಿಗೆ ಹೋಗಲು ಶುರುಮಾಡಿದಳು. ಬರುವಾಗ ಆ ಗೋಣಿಯಲ್ಲಿ ಬಂದದ್ದು ಒಂದು ಉದ್ದನೆಯ ಹಾಸುಗಲ್ಲು. ಸೊಸೈಟಿ ಗೇಟಿನ ಹತ್ತಿರ ರಿಕ್ಷಾ ಕಾಯುವವರಿಗೆ ಬೆಂಚು ಮಾಡುವ ಯೋಚನೆ ಅವರದು. ನಕಾಶೆ ಅಂಟಿಸಿದರು. ಆಕ್ಷೇಪಣೆಗಳು ಬಂದವು: ನಾಯಿ ಮಲಗುತ್ತದೆ, ಹೊರಗಿನ ಹುಡುಗರು ಕೂರುತ್ತಾರೆ, ಕಾರು ತಿರುಗುವುದಿಲ್ಲ. ಎಲ್ಲ ಮಾನ್ಯ. ಕಲ್ಲು ಮೀಟರ್ ಕೋಣೆಯ ಗೋಡೆಗೆ ಒರಗಿಕೊಂಡು ನಿಂತುಬಿಟ್ಟಿತು. ಹೊಸ ಮೊಣಕಾಲು ಹಾಕಿಸಿಕೊಂಡು ಬಂದ ಮೇಲೂ ಅವರು ಲಿಫ್ಟಿಗೆ ಕಾಯುವಾಗ ಬೀಗದ ಕೈಯಿಂದ ಅದನ್ನೊಮ್ಮೆ ಬಡಿದು ಮಾತಾಡಿಸುತ್ತಿದ್ದರು.

ಹೋದ ಮಳೆಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ವಿಷಯಕ್ಕೆ ಮಾತ್ರ ಯಾರ ಸೂಚನೆಯನ್ನೂ ಕೇಳಲಿಲ್ಲ.

ಮೊನ್ನೆ ಸೆಕ್ರೆಟರಿ ಒಂದು ನೋಟಿಸ್ ಹಾಕಿದರು. ಆ ಕಲ್ಲನ್ನು ಗೇಟಿನ ಬಳಿ ಬೆಂಚಾಗಿ ಕೂರಿಸಲಾಗುವುದು, ಹರಕತ್ತು ಹಾಗೂ ಸೂಚನೆ ಇದ್ದರೆ ತಿಳಿಸಿ. ನಾನು ದಿನಾ ಹೋಗಿ ಡಬ್ಬಿ ನೋಡಿದೆ. ಖಾಲಿ. ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದರು. ಅವರಿದ್ದಿದ್ದರೆ ಯಾರೂ ಓದಿಲ್ಲ ಎಂದು ಎಷ್ಟು ನೊಂದುಕೊಳ್ಳುತ್ತಿದ್ದರೋ. ತಡೆಯಲಾರದೆ ನಾನೇ ಒಂದು ಬರೆದು ಹಾಕಿದೆ: ಬೆಂಚಿನ ಎತ್ತರ ಸಾಲದು, ಕಾಲುನೋವಿನವರು ಕೂತರೆ ಏಳಲಾರರು. ಈ ಸಲ ಅವಧಿಯೊಳಗೇ ಹಾಕಿದೆ.

ಹಿಯರಿಂಗ್ ಗೇಟಿನ ಹತ್ತಿರವೇ ಆಯಿತು. ನಾನು ಇಬ್ಬರು ಬರಬಹುದೆಂದುಕೊಂಡಿದ್ದೆ, ಇಡೀ ಬಿಲ್ಡಿಂಗ್ ಬಂತು. ಅಣ್ಣ ಫ್ಲಾಸ್ಕಿನಲ್ಲಿ ಚಹಾ ತಂದರು. "ಎಂತ ಟೀಚರ್, ಒಂದು ಕಲ್ಲಿಗೆ ಸಹ ಹರಕತ್ತಾ ನಿಮ್ದು?" ಎಂದು ಶುರುಮಾಡಿ, ತಮ್ಮ ಹೋಟೆಲಿನ ಕುರ್ಚಿಯಷ್ಟು ಎತ್ತರ ಇರಲಿ ಎಂದರು. ಬೆಂಗಳೂರಿನ ಹುಡುಗಿ ಮೊಬೈಲಿನಲ್ಲಿ ಹುಡುಕಿ, "ಆಂಟಿ, ಸ್ಟ್ಯಾಂಡರ್ಡ್ ಹೈಟ್ ಅಂತಾನೇ ಒಂದಿದೆ," ಎಂದಳು. ಸೆಕ್ರೆಟರಿ ಅಷ್ಟು ಎತ್ತರವಾದರೆ ಮಕ್ಕಳ ಕಾಲು ನೆಲಕ್ಕೆ ಮುಟ್ಟುವುದಿಲ್ಲ ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕಲ್ಲು ಕೂರಿಸಲು ಬಂದಿದ್ದ ಗೌಂಡಿ ಕರಣೆ ಹಿಡಿದುಕೊಂಡು ಒಬ್ಬೊಬ್ಬರ ಮುಖ ನೋಡುತ್ತಿದ್ದ.

ಕಾಕು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅಂಗೈಯನ್ನು ಚಪ್ಪಟೆ ಮಾಡಿ ಗೋಡೆಯ ಪಕ್ಕದಲ್ಲಿ ಹಿಡಿದರು, ಸ್ವಲ್ಪ ಮೇಲೆ ಒಯ್ದರು, ಸ್ವಲ್ಪ ಕೆಳಗೆ ತಂದರು, ನಿಲ್ಲಿಸಿದರು.

"ಇಷ್ಟ," ಎಂದರು. "ಇಷ್ಟಿದ್ರ ಅವರು ಗ್ವಾಡಿ ಹಿಡೀಲಾರದ ಏಳ್ತಿದ್ರು."

ಗೌಂಡಿ ಬಗ್ಗಿ, ಆ ಕೈಯ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಯಾರ ಹರಕತ್ತೂ ಬರಲಿಲ್ಲ.